ಅಗ್ರಫೇನಾ ಆರಿಸಿಕೊಂಡ ಕೋವಿ

ಸ್ತೆಪಾನ್ ಕೊಲ್ಲಿಯ ನಲವತ್ತೆರಡು ಮನೆಗಳಲ್ಲಿ ಅಗ್ರಫೇನಾಳಿಂದ ಸೂಜಿ ಚುಚ್ಚಿಸಿಕೊಳ್ಳದ ತೋಳು ಒಂದೂ ಇರಲಿಲ್ಲ. ಮೂವತ್ತೊಂದು ವರ್ಷ ಅವಳು ಆ ಊರಿನ ಆರೋಗ್ಯ ಸಹಾಯಕಿ. ಡಾಕ್ಟರು ಇದ್ದದ್ದು ದ್ವೀಪದ ಇನ್ನೊಂದು ತುದಿಯ ಕೊಡಿಯಾಕ್ ಪಟ್ಟಣದಲ್ಲಿ. ಆಕಾಶ ತಿಳಿಯಾಗಿದ್ದರೆ ಪುಟ್ಟ ವಿಮಾನದಲ್ಲಿ ನಲವತ್ತು ನಿಮಿಷದ ದಾರಿ, ಮಂಜು ಕವಿದರೆ ನಾಲ್ಕು ದಿನದ್ದು. ಆ ನಾಲ್ಕು ದಿನಗಳಲ್ಲಿ ಹೆರಿಗೆಯಾಗಲಿ, ಮೂಳೆ ಮುರಿಯಲಿ, ಕುಡಿದವರ ತಲೆ ಒಡೆಯಲಿ, ಎಲ್ಲಕ್ಕೂ ಅವಳೇ. ಊರಿನವರು ಅವಳ ಮಾತು ಮೀರುತ್ತಿರಲಿಲ್ಲ.

ಆದರೆ ಗಂಡ ಸಾವಾ ತೀರಿಕೊಂಡ ಮೇಲೆ ಅದೇ ಊರು ಅವಳನ್ನು ಗಾಜಿನ ಲೋಟದ ಹಾಗೆ ನೋಡಿಕೊಳ್ಳತೊಡಗಿತು. ಅವಳು ಸೌದೆ ಒಡೆಯಲು ಕೊಡಲಿ ಎತ್ತಿದರೆ ಯಾರೋ ಓಡಿಬಂದು ಕಸಿದುಕೊಳ್ಳುತ್ತಿದ್ದರು. ಬಾಗಿಲ ಮುಂದೆ ಬೆಳಗಾದರೆ ಯಾರದೋ ಮೀನು, ಯಾರದೋ ರೊಟ್ಟಿ. ಎರಡು ಚಳಿಗಾಲ ಅವಳು ಬೇರೆಯವರು ಹಿಡಿದ ಮೀನು ತಿಂದಳು. ಹಿತ್ತಲಲ್ಲಿ ಮೀನಿಗೆ ಹೊಗೆ ಹಾಕುವ ಗುಡಿಸಲು ತಣ್ಣಗೆ ಬಿದ್ದಿತ್ತು. ಒಳಗೆ ಹೋದರೆ ಹೊಗೆಯ ವಾಸನೆಯೂ ಇರಲಿಲ್ಲ, ಬರೀ ಇಲಿಯದು.

ಮೂರನೆಯ ಸೆಪ್ಟೆಂಬರಿನಲ್ಲಿ, ಬೆಳ್ಳಿ ಸಾಲ್ಮನ್ ಮೀನು ಮೊಟ್ಟೆಯಿಡಲು ಸಮುದ್ರದಿಂದ ಹೊಳೆ ಹತ್ತುವ ಕಾಲಕ್ಕೆ, ಅವಳು ಮೈದುನ ಕುಸ್ಮಾನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಹೇಳಿದಳು, "ಈ ಸಲ ಕಪ್ಪುಬಂಡೆ ಹೊಳೆಗೆ ನಾನೇ ಹೋಗ್ತೀನಿ."

ಕುಸ್ಮಾ ಸಾವಾನ ತಮ್ಮ. ಅರವತ್ತೆರಡರ ಒಂಟಿ ಮನುಷ್ಯ, ಬಾಯಿ ಜೋರು, ಸಕ್ಕರೆ ಕಾಯಿಲೆ ಅದಕ್ಕಿಂತ ಜೋರು. ಅವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಾಗೇ ಹಿಡಿದುಕೊಂಡ.

"ಒಬ್ಬಳೇನಾ ಅತ್ತಿಗೆ? ಅಲ್ಲಿ ಮೀನಿಗಿಂತ ಕರಡಿ ಜಾಸ್ತಿ."

"ಮೂವತ್ತು ವರ್ಷ ನೋಡಿದೀನಿ ಆ ಕರಡಿಗಳನ್ನ."

"ನೋಡಿದ್ದು ಅಣ್ಣನ ಬೆನ್ನ ಹಿಂದೆ ನಿಂತ್ಕೊಂಡು. ಅದು ಬೇರೆ, ಇದು ಬೇರೆ. ನಾನೂ ಬರ್ತೀನಿ. ಮತ್ತೆ ಸರಿಯಾದ ಕೋವಿ ಇಲ್ಲದೆ ದೋಣಿಗೆ ಕಾಲಿಡೋ ಹಾಗಿಲ್ಲ."

ಅಷ್ಟೇ ಸಾಕಾಯಿತು. ಭಾನುವಾರ ಚರ್ಚು ಮುಗಿದ ಮೇಲೆ ಮೀನಿನ ಕಡುಬು ತಿನ್ನುತ್ತಾ ಇಡೀ ಊರು ಅವಳ ಕೋವಿಯ ಬಗ್ಗೆ ಮಾತಾಡಿತು. ಒಬ್ಬ ಸಾವಾನ ದೊಡ್ಡ ರೈಫಲ್ಲೇ ಇರಲಿ ಎಂದ. ಇನ್ನೊಬ್ಬ ಮೀನು ಹಿಡಿಯುವವರಿಗೆ ಎರಡು ಕೈಯೂ ಬೇಕು, ಸೊಂಟದ ರಿವಾಲ್ವರೇ ಸರಿ ಎಂದ. ಕುಸ್ಮಾ ತನ್ನದನ್ನು ಹೊರತೆಗೆದು ಮೇಜಿನ ಮೇಲಿಟ್ಟ. ನಳಿಗೆಯೇ ಮೊಳಕೈಯಷ್ಟು ಉದ್ದದ, ಕುರಿಮರಿಯಷ್ಟು ತೂಕದ ರಿವಾಲ್ವರ್. ಪಾದ್ರಿಯ ಹೆಂಡತಿ ಅದನ್ನು ಕಡುಬಿನ ತಟ್ಟೆಯಿಂದ ಆಚೆ ಸರಿಸಿದಳು. ನಿನ್ನ ಕೈಗೆ ಯಾವುದು ಒಗ್ಗುತ್ತದೆ ಎಂದು ಅಗ್ರಫೇನಾಳನ್ನು ಒಬ್ಬರೂ ಕೇಳಲಿಲ್ಲ.

ಅವಳು ಮೊದಲು ಸಾವಾನ ರೈಫಲ್ಲನ್ನೇ ತೆಗೆದಳು. ಜಲ್ಲಿಗುಂಡಿಯಲ್ಲಿ ನಾಲ್ಕು ಸಲ ಹಾರಿಸಿದಳು. ರೋಗಿಗಳನ್ನು ಎತ್ತಿ ಎತ್ತಿ ಅವಳ ಬಲ ಭುಜ ಮೊದಲೇ ಸವೆದಿತ್ತು. ಮೊದಲನೆಯ ಗುಂಡಿಗೆ ಭುಜ ಉರಿಯಿತು, ಎರಡನೆಯದಕ್ಕೆ ಕಣ್ಣು ತಾನಾಗಿ ಮುಚ್ಚಿತು, ಮೂರು ನಾಲ್ಕು ಎಲ್ಲಿ ಹೋದವೋ ದೇವರೇ ಬಲ್ಲ. ಒರೆಸಿ, ಎಣ್ಣೆ ಹಾಕಿ, ಅದನ್ನು ತಿರುಗಿ ಕಪಾಟಿನಲ್ಲಿಟ್ಟಳು.

ಮುಂದಿನ ವಾರ ಔಷಧಿ ತರಲು ಪಟ್ಟಣಕ್ಕೆ ಹೋದಾಗ ಎಫ್ರೆನ್‌ನ ಅಂಗಡಿಗೆ ಹೋದಳು. ಎಫ್ರೆನ್ ಫಿಲಿಪ್ಪೀನ್ಸಿನಿಂದ ಮೀನು ಕಾರ್ಖಾನೆಗೆ ಕೂಲಿಗೆ ಬಂದು, ಈಗ ಬಲೆ, ಬೂಟು, ಕೋವಿ ಮಾರುವವನು. ಅವನ ಮೊದಲ ಮಗು ಮಂಜಿನ ದಿನ ಸ್ತೆಪಾನ್ ಕೊಲ್ಲಿಯಲ್ಲಿ ಹುಟ್ಟಿದ್ದು ಅಗ್ರಫೇನಾಳ ಕೈಯಲ್ಲೇ.

"ಬಾ ಅಕ್ಕಾ. ಯಾವುದನ್ನ ಹೊಡೆಯೋಕೆ?"

"ಹೊಡೆಯೋಕಲ್ಲ. ಹೊಡೆಯದೇ ವಾಪಸ್ ಬರೋಕೆ."

ಅವನು ನಕ್ಕ, ಆಮೇಲೆ ನಗು ನಿಲ್ಲಿಸಿದ. ಗೋಡೆಯ ಕೋವಿಗಳ ಕಡೆ ತಿರುಗಲೇ ಇಲ್ಲ. "ಕೈ ತೋರ್ಸು" ಎಂದ. ಅವಳ ಅಂಗೈ ಹಿಡಿದು ಬೆರಳು ಅಳೆದ, ಭುಜ ಎತ್ತಿಸಿ ನೋಡಿದ. "ಅಕ್ಕಾ, ಕರಡಿ ದೂರದಲ್ಲಿದ್ರೆ ಕೋವಿ ಬೇಡ, ಬುದ್ಧಿ ಸಾಕು. ಹತ್ತಿರ ಬಂದಾಗ ಮೂರು ಉಸಿರು ಸಿಗತ್ತೆ. ಆ ಮೂರು ಉಸಿರಲ್ಲಿ ನಿನ್ನ ಕೈಗೆ ಏನು ಗೊತ್ತಿರತ್ತೋ ಅದೊಂದೇ ನಿನ್ನ ಕೋವಿ. ಮಿಕ್ಕಿದ್ದೆಲ್ಲ ಕಬ್ಬಿಣ."

ಕೊನೆಗೆ ಅವನು ತೆಗೆದುಕೊಟ್ಟದ್ದು ಗಿಡ್ಡ ನಳಿಗೆಯ ಸಾದಾ ಕೋವಿ. ಒಂದು ಗುಂಡು ಹಾರಿಸಿ, ಕೆಳಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಇನ್ನೊಂದು ಸಿದ್ಧ. ಐದು ತೋಟಾ, ಒಂದೊಂದರಲ್ಲೂ ಹೆಬ್ಬೆರಳಿನಷ್ಟು ದಪ್ಪದ ಸೀಸದ ಗುಂಡು. ಹಿಂಬದಿಗೆ ಮೆತ್ತನೆಯ ರಬ್ಬರು ಹಾಕಿಸಿದ. ಬೆದರಿಸಲು ಬರೀ ಸದ್ದು ಮಾಡುವ ನಾಲ್ಕು ಸಿಡಿತೋಟಾ ಬೇರೆ ಕೊಟ್ಟ. "ಎರಡನ್ನೂ ಒಟ್ಟಿಗೆ ತುಂಬ್ಬೇಡ. ಆ ಹೊತ್ತಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ನೆನಪಾಗಲ್ಲ."

ಅಂದು ಮಧ್ಯಾಹ್ನ ಅವನು ಅಂಗಡಿ ಮುಚ್ಚಿ ಅವಳನ್ನು ಪಟ್ಟಣದಾಚೆಯ ಜಲ್ಲಿಗುಂಡಿಗೆ ಕರೆದೊಯ್ದ. ಹಳೆಯ ಲಾರಿ ಟೈರಿಗೆ ರಟ್ಟು ತುರುಕಿ ದಿಬ್ಬದ ಮೇಲಿನಿಂದ ಅವಳತ್ತ ಉರುಳಿಸಿದ. ಮೊದಲ ಸಲ ಅವಳು ಹಾರಿಸುವ ಮೊದಲೇ ಟೈರು ಪಕ್ಕದಲ್ಲಿ ಹಾದುಹೋಯಿತು. ಒಂಬತ್ತನೆಯ ಸಲಕ್ಕೆ ರಟ್ಟಿನಲ್ಲಿ ಎರಡು ತೂತು ಬಿದ್ದವು. ಕಣ್ಣು ಮುಚ್ಚಿರಲಿಲ್ಲ.

ಊರಿಗೆ ಮರಳಿದ ಮೇಲೆ ಕುಸ್ಮಾ ಆ ಕೋವಿ ನೋಡಿ, "ಇದೇನು ಅತ್ತಿಗೆ, ಬಾತುಕೋಳಿ ಹೊಡೆಯೋ ಕೋವಿ! ಇಪ್ಪತ್ತು ಹೆಜ್ಜೆ ಆಚೆ ಇದು ಬರೀ ದೊಣ್ಣೆ" ಎಂದ. ಅವಳು ಗಂಟು ಕಟ್ಟಿದಳು.

ಮಂಗಳವಾರ ಹೊರಟರು. ಶನಿವಾರ ಸಂಜೆಗೆ ವಾಪಸು ಎಂದು ಊರಿಗೆ ಹೇಳಿದ್ದರು.

ಕಪ್ಪುಬಂಡೆಯಲ್ಲಿ ಸಾವಾ ಕಟ್ಟಿದ ಹಲಗೆ ಗುಡಿಸಲಿಗೆ ಒಂದೇ ಬಾಗಿಲು, ಊಟದ ತಟ್ಟೆಯಷ್ಟು ಕಿಟಕಿ. ಬೆನ್ನಿಗೆ ಕಡಿದಾದ ಬಂಡೆ, ಬಲಕ್ಕೆ ಸಮುದ್ರಕ್ಕೆ ಇಳಿದ ಅದೇ ಬಂಡೆ. ಎಡಕ್ಕೆ ಮಾತ್ರ ದಾರಿ. ಅಗಲ ಕಿರಿದಾದ ಜಲ್ಲಿ ದಂಡೆಯಲ್ಲಿ ನೂರೈವತ್ತು ಹೆಜ್ಜೆ ನಡೆದರೆ ಹೊಳೆಯ ಬಾಯಿ. ದೋಣಿಯನ್ನು ಅಲೆ ತಾಗದ ಆ ಮಡುವಿನಲ್ಲೇ ಕಟ್ಟಬೇಕು. ಕಟ್ಟಿದರು, ಸಾಮಾನು ಹೊತ್ತರು. ಸಂಜೆಗೇ ಗಾಳಿ ಎದ್ದಿತು, ಬೆಳಗಿನವರೆಗೆ ಮಾಡು ಕಿತ್ತುಹೋಗುವಷ್ಟು ಬೀಸಿತು.

ಬುಧವಾರ ಬೆಳಗ್ಗೆ ಅಗ್ರಫೇನಾ ಬಾಗಿಲು ತೆರೆದಾಗ ಗಾಳಿ ನಿಂತಿತ್ತು. ದಂಡೆಯ ನಡುವೆ, ಗುಡಿಸಲಿಗೂ ದೋಣಿಗೂ ಮಧ್ಯೆ, ಬಿರುಗಾಳಿ ತಂದೆಸೆದ ಸತ್ತ ಕಡಲಸಿಂಹ ಬಿದ್ದಿತ್ತು, ಮಗುಚಿದ ದೋಣಿಯಷ್ಟು ದಪ್ಪ. ಅದರ ಮೇಲೆ ಒಂದು ಗಂಡು ಕರಡಿ. ಸಮುದ್ರಪಾಚಿ, ಜಲ್ಲಿ ಎರಡನ್ನೂ ಪಂಜದಿಂದ ಗೋರಿ ಗೋರಿ ಹೆಣದ ಮೇಲೆ ಹೇರುತ್ತಿತ್ತು. ಮುಚ್ಚಿ ಮುಗಿಸಿ ಆ ಗುಡ್ಡೆಯ ಮೇಲೆ ಎದೆಯೂರಿ ಮಲಗಿತು. ಅವಳತ್ತ ನೋಡಿತು. ಏಳಲಿಲ್ಲ.

ಅವಳು ಬಾಗಿಲು ಮೆಲ್ಲಗೆ ಮುಚ್ಚಿದಳು.

"ಕುಸ್ಮಾ, ಎದ್ದೇಳು. ನಿನ್ನ ಇನ್ಸುಲಿನ್ ಡಬ್ಬಿ ಎಲ್ಲಿ?"

ಅವನು ಹಾಸಿಗೆಯಲ್ಲೇ ಕೂತು ಸಾಮಾನಿನ ಕಡೆ ನೋಡಿದ. ರಿವಾಲ್ವರ್ ದಿಂಬಿನ ಪಕ್ಕದಲ್ಲಿತ್ತು, ಅದರ ತೋಟಾದ ಡಬ್ಬಿ ಅದರ ಪಕ್ಕದಲ್ಲಿ. "ತಣ್ಣಗಿರ್ಲಿ ಅಂತ ದೋಣಿಯ ಐಸ್ ಪೆಟ್ಟಿಗೇಲಿ ಇಟ್ಟಿದ್ದೆ" ಎಂದ. "ಬೆಳಗ್ಗೆ ತರೋಣ ಅಂತ. ಯಾಕೆ?"

ಅವಳು ಕಿಟಕಿ ತೋರಿಸಿದಳು.

ಕರಡಿ ಹೆಣ ಬಿಟ್ಟು ಹೋಗುವುದಿಲ್ಲ. ತಿಂದು ಮುಗಿಯುವವರೆಗೆ ಅದೇ ಅದರ ಮನೆ. ಅದಕ್ಕೆ ಒಂದು ವಾರವಾದರೂ ಬೇಕು. ಕೈರೇಡಿಯೋದಲ್ಲಿ ಬರೀ ಗೊರಗೊರ. ಬೆನ್ನಿನ ಬೆಟ್ಟ ಎಲ್ಲ ಮಾತನ್ನೂ ತಡೆದು ನಿಲ್ಲಿಸಿತ್ತು. ಸಮುದ್ರಕ್ಕೆ ಚಾಚಿದ ಭೂಶಿರವನ್ನು ದೋಣಿಯಲ್ಲಿ ದಾಟಿದರೆ ಮಾತ್ರ ರೇಡಿಯೋಗೆ ಬಾಯಿ ಬರುತ್ತಿತ್ತು. ಶನಿವಾರ ಸಂಜೆಯವರೆಗೆ ಅವರನ್ನು ಯಾರೂ ಹುಡುಕುವುದಿಲ್ಲ.

ಪಾತ್ರೆ ಬಡಿದರು. ಕರಡಿ ಕಿವಿ ಅಲ್ಲಾಡಿಸಿತು. ಅಗ್ರಫೇನಾ ಕೋವಿ ಬರಿದು ಮಾಡಿ ಸಿಡಿತೋಟಾ ಒಂದನ್ನು ಹಾಕಿ ಬಾಗಿಲಿಂದ ಹಾರಿಸಿದಳು. ಅದು ಕರಡಿಯ ತಲೆಯ ಮೇಲೆ ಢಂ ಎಂದಿತು. ಕರಡಿ ಒಂದೇ ನೆಗೆತಕ್ಕೆ ಆಲ್ಡರ್ ಪೊದೆಯೊಳಗೆ ಮಾಯ! ಇಬ್ಬರೂ ಓಡಿದರು. ಹತ್ತು ಹೆಜ್ಜೆಯೂ ಹೋಗಿರಲಿಲ್ಲ, ಪೊದೆ ಸೀಳಿಕೊಂಡು ಅದು ಮತ್ತೆ ಗುಡ್ಡೆಯ ಮೇಲೆ ನಿಂತಿತ್ತು, ಹಲ್ಲು ಕಟಕಟ ಕಡಿಯುತ್ತಾ. ಇಬ್ಬರೂ ಹಿಂದಕ್ಕೆ ಓಡಿದರು, ಕುಸ್ಮಾ ಬಾಗಿಲಿಗೆ ಭುಜ ಬಡಿದುಕೊಂಡು ಒಳಗೆ ಬಿದ್ದ. ಎರಡನೆಯ ಸಿಡಿತೋಟಾಕ್ಕೆ ಅದು ಎದ್ದು ನಿಂತಿತಷ್ಟೇ. ಮೂರು ನಾಲ್ಕಕ್ಕೆ ತಲೆ ಎತ್ತಿ ನೋಡಿ ಮತ್ತೆ ತಿನ್ನತೊಡಗಿತು.

ಆಮೇಲೆ ಶುರುವಾದದ್ದು ಕಾಯುವ ಕೆಲಸ. ಗುಡಿಸಲು ಎಷ್ಟು ಚಿಕ್ಕದೆಂದರೆ ಒಬ್ಬರು ಎದ್ದು ನಿಂತರೆ ಇನ್ನೊಬ್ಬರು ಕಾಲು ಮಡಚಬೇಕು. ಗೋಡೆಯ ಹಲಗೆ ಹೆಬ್ಬೆಟ್ಟಿನ ದಪ್ಪವೂ ಇರಲಿಲ್ಲ. ಗಾಳಿ ಈ ಕಡೆ ಬೀಸಿದಾಗಲೆಲ್ಲ ಕೊಳೆತ ಕೊಬ್ಬಿನ ನಾತ ಒಳಗೆ ನುಗ್ಗುತ್ತಿತ್ತು. ಚಹಾಕ್ಕೂ ಅದೇ ರುಚಿ, ಬಿಸ್ಕತ್ತಿಗೂ ಅದೇ. ಮೂಳೆ ಮುರಿಯುವ ಸದ್ದು ಪಕ್ಕದ ಕೋಣೆಯಲ್ಲಿ ಯಾರೋ ಸೌದೆ ಒಡೆದ ಹಾಗೆ ಕೇಳುತ್ತಿತ್ತು. ಬಕೆಟ್ಟನ್ನು ಪರದೆಯ ಹಿಂದಿಟ್ಟರು. ಒಬ್ಬರು ಅಲ್ಲಿಗೆ ಹೋದಾಗ ಇನ್ನೊಬ್ಬರು ಕಿಟಕಿಯಾಚೆ ನೋಡುತ್ತಿದ್ದರು. ನೋಡಿದರೆ ಕಾಣುತ್ತಿದ್ದದ್ದು ಕರಡಿಯೊಂದೇ. ಅದರಾಚೆ, ಮಡುವಿನಲ್ಲಿ, ಬೆಳ್ಳಗೆ ಹೊಳೆಯುವ ದೋಣಿ. ಹೊಳೆಯಲ್ಲಿ ಮೀನು ಪಟಪಟನೆ ಹಾರುತ್ತಿದ್ದವು.

ಗುರುವಾರ ಮಧ್ಯಾಹ್ನ ಕುಸ್ಮಾ ರಿವಾಲ್ವರ್ ಕಿಟಕಿಯ ಚೌಕಟ್ಟಿಗೆ ಊರಿದ.

"ಏನ್ ಮಾಡ್ತಿದೀಯ?"

"ಇಲ್ಲಿಂದಲೇ ಮುಗಿಸ್ತೀನಿ."

"ಎಪ್ಪತ್ತು ಹೆಜ್ಜೆ. ನಿನ್ನ ಕೈ ನೋಡ್ಕೋ."

ಅವನ ಕೈ ನಡುಗುತ್ತಿತ್ತು. ಅವನಿಗೂ ಅದು ಕಾಣಿಸಿತು.

"ಗಾಯ ಮಾಡಿ ಬಿಟ್ರೆ ಅದು ಎಲ್ಲಿಗೆ ಬರತ್ತೆ ಹೇಳು, ಈ ಹಲಗೆಗೆ ತಾನೆ?"

"ಅಣ್ಣನ ರೈಫಲ್ ತಂದಿದ್ರೆ ನಿನ್ನೇನೇ ಮುಗಿದಿರ್ತಿತ್ತು!" ಕುಸ್ಮಾ ಕಿರುಚಿದ. "ನಾನು ಹೇಳ್ಲಿಲ್ವಾ? ಇಡೀ ಊರು ಹೇಳ್ಲಿಲ್ವಾ? ನೀನು ಹೋಗಿ ಬಾತುಕೋಳಿ ಕೋವಿ ತಂದೆ!"

ಮಾತು ತಪ್ಪೇನಲ್ಲ. ಕಿಟಕಿಯಿಂದ ಎಪ್ಪತ್ತು ಹೆಜ್ಜೆಗೆ ಬೇಕಾದದ್ದು ರೈಫಲ್ಲೇ. ಅವಳು ಅಭ್ಯಾಸ ಮಾಡಿದ್ದು ಇಪ್ಪತ್ತು ಹೆಜ್ಜೆಯೊಳಗಿನದು, ಮೈಮೇಲೆ ಉರುಳಿ ಬರುವುದಕ್ಕೆ. ಅವಳಿಗೆ ಅಳು ಬಂತು. ಮುಖವನ್ನು ಒಲೆಯ ಕಡೆ ತಿರುಗಿಸಿಕೊಂಡಳು. "ನಾನು ಬಿಟ್ಟು ಬಂದಿದ್ದು ರೈಫಲ್. ನೀನು ಮರೆತಿದ್ದು ಔಷಧಿ. ಸುಮ್ನೆ ಕೂತ್ಕೋ" ಎಂದಳು. ಅವನು ಕೂತ.

ಶುಕ್ರವಾರ ಬೆಳಗ್ಗೆ ಅವನು ಮೂರು ಲೋಟ ನೀರು ಕುಡಿದ, ಮತ್ತೆ ಮೂರು. ಮಾಡಿನ ಮಳೆನೀರು ಹಿಡಿದ ಕೊಡ ಅರ್ಧವಾಯಿತು. ಆಮೇಲೆ ವಾಂತಿ ಶುರು. ಅವಳು ಬಾಯಿಯ ಹತ್ತಿರ ಬಗ್ಗಿದಳು. ಉಸಿರಿನಲ್ಲಿ ಕಳಿತು ಕೊಳೆಯುವ ಹಣ್ಣಿನ ವಾಸನೆ. ಇನ್ಸುಲಿನ್ ತಪ್ಪಿದ ಮೈಯ ಆ ವಾಸನೆ ಅವಳಿಗೆ ಗೊತ್ತಿತ್ತು. ಎರಡು ಸಲ ಅದನ್ನು ಮೂಸಿದ್ದಳು, ಒಬ್ಬರು ಉಳಿದಿದ್ದರು.

"ಎಷ್ಟು ಹೊತ್ತಿದೆ ನಂಗೆ?" ಕುಸ್ಮಾ ಕೇಳಿದ. ಅವನ ದನಿ ಸಣ್ಣದಾಗಿತ್ತು.

"ನಾಳೆ ಸಂಜೆವರೆಗೆ ಇಲ್ಲ."

"ನಿಜ ಹೇಳ್ತೀಯಲ್ಲ ಅತ್ತಿಗೆ, ಯಾವಾಗ್ಲೂ."

"ಹನ್ನೆರಡಕ್ಕೆ ನೀರು ಪೂರ್ತಿ ಇಳಿಯತ್ತೆ. ದಂಡೆ ಅಗಲ ಆಗತ್ತೆ. ನೀರಿನ ಅಂಚಲ್ಲಿ ಹೋದ್ರೆ ಅದಕ್ಕೂ ನನಗೂ ನಲವತ್ತು ಹೆಜ್ಜೆ ಸಿಗತ್ತೆ. ಹೋಗಿ ಬರ್ತೀನಿ."

ಅವನು ಬೇಡ ಎನ್ನಲಿಲ್ಲ. ಬೇಡ ಎನ್ನಬೇಕಿತ್ತು ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು. ರಿವಾಲ್ವರ್ ಹಿಡಿದು ಬಾಗಿಲಲ್ಲಿ ಕೂತ. "ನೀನು ಹಾರಿಸ್ಬೇಡ" ಎಂದಳು ಅವಳು. "ಕರಡಿ ಎದ್ದು ಬರೋ ಹೊತ್ತಿಗೆ ನಡುವೆ ನಾನಿರ್ತೀನಿ."

ಐದು ತೋಟಾ ತುಂಬಿದಳು. ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿ ತುಂಬಿದಳು. ಮೂಲೆಯಲ್ಲಿದ್ದ ಸಂತ ನಿಕೊಲಾಯನ ಚಿತ್ರಕ್ಕೆ ಶಿಲುಬೆಯ ಗುರುತು ಮಾಡಿ ಹೊರಬಿದ್ದಳು.

ಗಾಳಿ ಸಮುದ್ರದಿಂದ ದಂಡೆಗೆ ಬೀಸುತ್ತಿತ್ತು. ಕದ್ದು ಹೋಗುವ ಯೋಚನೆ ಅವಳಿಗಿರಲಿಲ್ಲ. ಬರುತ್ತಿರುವುದು ಯಾರು ಎಂದು ವಾಸನೆಯಿಂದಲೇ ಕರಡಿಗೆ ಗೊತ್ತಾಗಲಿ. ಅಲೆ ಬೂಟು ತೊಯಿಸುವಷ್ಟು ಅಂಚಿನಲ್ಲಿ, ಅಜ್ಜಿ ಕಲಿಸಿದ, ಆ ನಾಡಿನ ಮೂಲಜನರ ಅಲುತೀಕ್ ಮಾತಿನಲ್ಲಿ ಮಾತಾಡುತ್ತಾ ನಡೆದಳು. "ಅಜ್ಜಾ, ನಿನ್ನ ಊಟ ನನಗೆ ಬೇಡ. ದೋಣಿ ತನಕ ಹೋಗ್ತೀನಿ ಅಷ್ಟೇ. ನಮ್ಮವನೊಬ್ಬ ಮಲಗಿದಾನೆ. ದಾರಿ ಬಿಡು ಅಜ್ಜಾ."

ಕರಡಿ ಎದ್ದಿತು. ಗುಡ್ಡೆಯ ಮೇಲೆ ನಾಲ್ಕು ಕಾಲೂರಿ ನಿಂತು ಮೂಗೆತ್ತಿತು. ಅವಳು ಅಡ್ಡಡ್ಡ ಹೆಜ್ಜೆ ಹಾಕುತ್ತಾ ಹೋದಳು. ಅದು ಬುಸುಗುಟ್ಟುತ್ತಾ ಆರೇಳು ನೆಗೆತ ಓಡಿಬಂದು, ಜಲ್ಲಿ ಚಿಮ್ಮಿಸಿ ನಿಂತಿತು. ಅವಳೂ ನಿಂತಳು. ಅದು ಹಿಂದಕ್ಕೆ ತಿರುಗಿತು. ಅವಳು ಉಸಿರು ಬಿಟ್ಟಳು. ದೋಣಿಗೆ ಇನ್ನು ಅರ್ಧ ದಾರಿ. ಇನ್ನೊಂದು ಹೆಜ್ಜೆ, ಮತ್ತೊಂದು.

ಆಗ ಅದು ಮತ್ತೆ ತಿರುಗಿತು. ಈ ಸಲ ಸದ್ದಿಲ್ಲ, ಬುಸುಗುಟ್ಟಲಿಲ್ಲ. ತಲೆ ತಗ್ಗಿತ್ತು, ಕಿವಿ ಕತ್ತಿಗೆ ಅಂಟಿತ್ತು. ನೇರ ಬಂತು.

ಹಾರಿಸಿದ್ದು ಅವಳಿಗೆ ನೆನಪಿಲ್ಲ. ಕೈ ಹಿಂದೆ ಮುಂದೆ ಹೋದದ್ದು ನೆನಪಿದೆ. ಮೊದಲ ಗುಂಡಿಗೆ ಕರಡಿಯ ಮುಂಗಾಲು ಮಡಿಯಿತು, ಆದರೆ ಅದು ಬರುತ್ತಲೇ ಇತ್ತು. ಎರಡನೆಯದಕ್ಕೆ ಬಗ್ಗಿತು. ಮೂರನೆಯದಕ್ಕೆ ಕುಸಿದು, ಮೂಗಿನಿಂದ ಜಲ್ಲಿ ಉಳುತ್ತಾ ಬಂದು ಬಿದ್ದಿತು. ಬೆನ್ನಿನ ಕೂದಲು ಗಾಳಿಗೆ ಅಲ್ಲಾಡುತ್ತಿತ್ತು. ಅವಳು ಪಕ್ಕಕ್ಕೆ ಸರಿದು ಕಿವಿಯ ಹಿಂದೆ ನಾಲ್ಕನೆಯದನ್ನು ಹಾರಿಸಿದಳು. ಆಮೇಲೆ ಕಾಲು ಅಲುಗಲಿಲ್ಲ. ಅಲೆ ಒಂದು ಬಂದು ಬೂಟಿನೊಳಗೆ ತುಂಬಿತು. ಆ ಚಳಿಗೇ ಅವಳು ನಡೆದದ್ದು.

ಐಸ್ ಪೆಟ್ಟಿಗೆಯಿಂದ ಡಬ್ಬಿ ತಂದಳು. ಕುಸ್ಮಾನ ಬೆರಳು ಚುಚ್ಚಿದರೆ ಸಕ್ಕರೆ ಅಳೆಯುವ ಯಂತ್ರ ಅಂಕಿಯನ್ನೇ ತೋರಿಸಲಿಲ್ಲ, ಅಳತೆ ಮೀರಿದೆ ಎಂದಿತು. ಸೂಜಿ ಹಾಕಿದಳು, ಗುಟುಕು ಗುಟುಕಾಗಿ ನೀರು ಕುಡಿಸಿದಳು. ಅವನನ್ನು ಹೆಗಲಿಗೆ ಆನಿಸಿಕೊಂಡು, ಕರಡಿಯ ಪಕ್ಕದಲ್ಲೇ ನಡೆಸಿ, ದೋಣಿಗೆ ಹತ್ತಿಸಿದಳು. ಭೂಶಿರ ದಾಟಿದ ಮೇಲೆ ರೇಡಿಯೋಗೆ ಒಂದು ಮೀನುದೋಣಿ ಓಗೊಟ್ಟಿತು. ಸಂಜೆಯ ಬೆಳಕಿರುವಾಗಲೇ ಹೆಲಿಕಾಪ್ಟರ್ ಸ್ತೆಪಾನ್ ಕೊಲ್ಲಿಯ ಚರ್ಚಿನ ಅಂಗಳದಿಂದ ಅವನನ್ನು ಎತ್ತಿಕೊಂಡು ಹೋಯಿತು. ಐದು ದಿನ ಆಸ್ಪತ್ರೆಯಲ್ಲಿದ್ದು ಅವನು ಉಳಿದ.

ಜೀವ ಉಳಿಸಿಕೊಳ್ಳಲು ಕರಡಿ ಕೊಂದರೆ ಅಪರಾಧವಲ್ಲ, ಆದರೆ ಚರ್ಮ, ತಲೆಬುರುಡೆ ಎರಡನ್ನೂ ಸರ್ಕಾರಕ್ಕೆ ಒಪ್ಪಿಸಬೇಕು. ಭಾನುವಾರ ವನ್ಯಜೀವಿ ಇಲಾಖೆಯ ಹಾಲ್ವರ್ಸನ್ ಎಂಬ ಅಧಿಕಾರಿಯ ಜೊತೆ ಅವಳು ವಿಮಾನದಲ್ಲಿ ಕಪ್ಪುಬಂಡೆಗೆ ಹೋದಳು. ಏರಿಳಿದ ನೀರು ಗುರುತನ್ನೆಲ್ಲ ಅಳಿಸಿತ್ತು; ತಾನು ನಿಂತ ಜಾಗ, ಕರಡಿ ಬಿದ್ದ ಜಾಗ ಎರಡನ್ನೂ ಅವಳು ತೋರಿಸಿದಳು, ಅವನು ಹೆಜ್ಜೆ ಹಾಕಿ ಅಳೆದ. "ಹನ್ನೊಂದು ಹೆಜ್ಜೆ" ಎಂದು ಬರೆದುಕೊಂಡ. ಇಬ್ಬರೂ ಮಳೆಯಲ್ಲಿ ಮೂರು ಗಂಟೆ ಚರ್ಮ ಸುಲಿದರು. ತಲೆಯ ಹತ್ತಿರ ಬಂದಾಗ ಅಧಿಕಾರಿ ತುಟಿ ಎತ್ತಿ ತೋರಿಸಿದ. ಕೋರೆಹಲ್ಲೊಂದು ಬುಡಕ್ಕೇ ಮುರಿದಿತ್ತು, ಉಳಿದವು ಸವೆದು ಮೊಂಡಾಗಿದ್ದವು.

"ಮುದುಕ" ಎಂದ ಅವನು. "ಪಕ್ಕೆಲುಬು ನೋಡಿ. ಮೀನು ಹಿಡಿಯೋಕೆ ಇವನ ಕೈಲಿ ಆಗ್ತಿರ್ಲಿಲ್ಲ. ಈ ಹೆಣ ಬಿಟ್ಟಿದ್ರೆ ಚಳಿಗಾಲ ದಾಟ್ತಿರ್ಲಿಲ್ಲ. ನಿಮ್ಮದೇನೂ ತಪ್ಪಿಲ್ಲಮ್ಮ, ಬೇರೆ ದಾರಿ ಇರ್ಲಿಲ್ಲ."

"ಅವನಿಗೂ ಇರ್ಲಿಲ್ಲ" ಎಂದಳು ಅಗ್ರಫೇನಾ. ಚಾಕು ಒರೆಸಿ ಮತ್ತೆ ಬಗ್ಗಿದಳು.

ಕುಸ್ಮಾ ಮನೆಗೆ ಬಂದ. ಕ್ರಿಸ್ಮಸ್ಸಿನ ಹೊತ್ತಿಗೆ ಅವನ ಕಥೆಯಲ್ಲಿ ಕರಡಿ ಎರಡಾಳೆತ್ತರ ಬೆಳೆದಿತ್ತು. "ನಾನು ಬಾಗಿಲಲ್ಲಿ ಗುರಿ ಹಿಡಿದು ಕೂತಿದ್ದೆ, ಅದಕ್ಕೇ ಅದು ಅತ್ತಿಗೆ ಕಡೆ ತಿರುಗಿದ್ದು" ಎಂದು ಊರಿನ ಹಬೆಸ್ನಾನದ ಮನೆಯಲ್ಲಿ ಬೆವರುತ್ತಾ ಹೇಳುತ್ತಿದ್ದ. ಅವಳು ಕೇಳಿಸಿಕೊಂಡರೂ ತಿದ್ದಲಿಲ್ಲ. ಒಂದು ದಿನ ಮಾತ್ರ ಅವನು ಯಾರೂ ಇಲ್ಲದಾಗ ಅವಳ ಮನೆಗೆ ಬಂದು, ಟೋಪಿ ಕೈಯಲ್ಲಿ ತಿರುಗಿಸುತ್ತಾ, "ಅವತ್ತು ನೀನು ಹೋಗ್ತೀನಿ ಅಂದಾಗ ತಡೀಲಿಲ್ಲ ನಾನು" ಎಂದ. "ತಡೆದಿದ್ರೂ ನಾನು ನಿಲ್ತಿರ್ಲಿಲ್ಲ" ಎಂದು ಅವಳು ಚಹಾಕ್ಕೆ ನೀರಿಟ್ಟಳು.

ಈಗ ಅವಳ ಕೊಡಲಿಯನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಒಬ್ಬಳೇ ಹೋಗಬೇಡ ಎನ್ನುವವರೂ ಇಲ್ಲ. ಅವಳನ್ನು ಒಬ್ಬಳನ್ನೇ ಬಿಟ್ಟರೆ ತಾನೆ! ಜುಲೈನಲ್ಲಿ ಹಣ್ಣು ಕೀಳಲು ಹೊರಟ ಹೆಂಗಸರು ಮೊದಲು ತಟ್ಟುವುದು ಅವಳ ಬಾಗಿಲನ್ನೇ. "ಅಗ್ರಫೇನಾ ಅಕ್ಕಾ, ಕೋವಿ ತಗೊಂಡು ಬಾ, ನೀನಿದ್ರೆ ಧೈರ್ಯ." ಪಾದ್ರಿ ಹೊಳೆಗೆ ಹೊರಟರೂ ಅವಳೇ, ಶಾಲೆಯ ಮಕ್ಕಳು ದಂಡೆಗೆ ಹೊರಟರೂ ಅವಳೇ. ಆಗುವುದಿಲ್ಲ ಎಂದು ಹೇಳಿ ಅವಳಿಗೆ ಅಭ್ಯಾಸವಿಲ್ಲ. ಮೂವತ್ತೊಂದು ವರ್ಷ ಯಾರಿಗೂ ಹೇಳಿದವಳಲ್ಲ. ಆಳೆತ್ತರದ ಪೊದೆಗಳ ನಡುವೆ ಹೆಂಗಸರು ನಗುತ್ತಾ, ಬಾಯಿ ಕೆಂಪು ಮಾಡಿಕೊಂಡು, ಬಕೆಟ್ಟು ತುಂಬುತ್ತಾರೆ. ಅವಳು ಎಲ್ಲರಿಗೂ ಬೆನ್ನು ಮಾಡಿ ಒಂದು ಕಲ್ಲಿನ ಮೇಲೆ ಕೂತು, ಕೋವಿ ತೊಡೆಯ ಮೇಲಿಟ್ಟುಕೊಂಡು, ಆಲ್ಡರ್ ಎಲೆ ಅಲ್ಲಾಡುವುದನ್ನೇ ನೋಡುತ್ತಿರುತ್ತಾಳೆ. ಕಾಲ ಬಳಿ ಅವಳ ಬಕೆಟ್ಟು. ಅದರ ತಳದಲ್ಲಿ, ಯಾರೋ ಹಾದುಹೋಗುವಾಗ ಹಾಕಿದ, ಒಂದು ಹಿಡಿ ಹಣ್ಣು.